ಹಲ್ಲಿನ ಡಾಕ್ಟರ ಏಳಡಿ ಬಾಯಿ

ಒಂದು ಬಟ್ಟೆಬೀರು ತಾನು ಹದಿನಾಲ್ಕು ವರ್ಷ ನಿಂತಿದ್ದ ಜಾಗ ಬಿಟ್ಟು ಅಡುಗೆಮನೆಗೆ ಹೋಗಿ ನಿಂತ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಇದೇನು ಮಹಾ ಎಂದು ಮೂಗು ಮುರಿಯುವವರು ಒಂದು ಕ್ಷಣ ಯೋಚಿಸಬೇಕು. ಸರ್ಕಾರಗಳು ಬಿದ್ದಾಗಲೂ ಬೀರುಗಳು ಇದ್ದಲ್ಲೇ ಇರುತ್ತವೆ. ಯುದ್ಧ ಮುಗಿದು ಗಡಿಗಳು ಆಚೀಚೆಯಾದ ಮೇಲೂ ಯಾರದೋ ಮನೆಯ ಬೀರು ಅದೇ ಗೋಡೆಗೆ ಬೆನ್ನು ಕೊಟ್ಟುಕೊಂಡು, ಅದೇ ಸಡಿಲ ಹಿಡಿಕೆ, ಅದೇ ನುಸಿಗುಳಿಗೆ ವಾಸನೆಯೊಂದಿಗೆ ನಿಂತಿರುತ್ತದೆ. ಅಂಥದ್ದು ಜಾಗ ಬಿಟ್ಟಿತೆಂದರೆ ಆ ಮನೆಯಲ್ಲಿ ಏನೋ ದೊಡ್ಡದು ನಡೆದಿದೆ ಎಂದೇ ಅರ್ಥ.

ನಡೆದದ್ದು ಇಷ್ಟೇ: ಮನೆಯ ಯಜಮಾನರಾದ ಹಲ್ಲಿನ ಡಾಕ್ಟರು ಹಾರ್ನ್ ಕಟ್ಟಲು ಹೊರಟಿದ್ದರು.

ಹಾರ್ನ್ ಎಂದರೆ ಲಾರಿಯದ್ದಲ್ಲ. ಒಂದು ಕಡೆ ಸಣ್ಣಗೆ ಶುರುವಾಗಿ ಇನ್ನೊಂದು ಕಡೆಗೆ ಹೂವಿನ ಹಾಗೆ ಅರಳುವ ದೊಡ್ಡ ಕೊಳವೆ. ಸಣ್ಣ ತುದಿಗೆ ಗಂಟಲು ಎನ್ನುತ್ತಾರೆ, ಅಗಲದ ತುದಿಗೆ ಬಾಯಿ. ಗಂಟಲಿಗೆ ಒಂದು ಸ್ಪೀಕರ್ ಯೂನಿಟ್ ಬಿಗಿದರೆ ಅದರ ಬಡಕಲು ಸದ್ದು ಕೊಳವೆಯುದ್ದಕ್ಕೂ ಮೈ ತುಂಬಿಕೊಂಡು ಬಾಯಿಯಿಂದ ಹೊರಬೀಳುತ್ತದೆ. ಬಾಯಿ ದೊಡ್ಡದಾದಷ್ಟೂ ಮಂದ್ರ ಸ್ವರಗಳು ಚೆನ್ನಾಗಿ ಬರುತ್ತವೆ. ಡಾಕ್ಟರಿಗೆ ಬೇಕಾಗಿದ್ದ ಮಂದ್ರಕ್ಕೆ ಏಳಡಿ ಬಾಯಿ ಬೇಕೆಂದು ಲೆಕ್ಕ ಹೇಳಿತು. ಲೆಕ್ಕ ಮಾಡಿಕೊಟ್ಟವರು ಅವರ ಹೆಂಡತಿ, ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಗ್ರಾಫ್ ಹಾಳೆಯ ಮೇಲೆ ಆ ವಕ್ರರೇಖೆಯನ್ನು ಎಳೆದುಕೊಟ್ಟ ದಿನ ಆಕೆಗೆ ಅದು ಕಾಗದದ ಮೇಲೇ ಉಳಿಯುತ್ತದೆ ಎಂಬ ನಂಬಿಕೆಯಿತ್ತು.

"ರೀ, ಏಳಡಿ ಅಂದ್ರೆ ನಮ್ಮ ಮುಂದಿನ ಕೋಣೆ ಗೋಡೆಯಷ್ಟೂ ಆಯ್ತಲ್ರೀ."

"ಗೋಡೆ ಸುಮ್ಮನೇ ತಾನೇ ಇದೆ?"

"ಉದ್ದ ಎಂಟಡಿ. ಹಿಂದೆ ಯೂನಿಟ್ ಕೂರಿಸೋಕೆ, ನೀವು ನುಗ್ಗೋಕೆ ಇನ್ನೂ ಎರಡು. ಕೋಣೆ ಇರೋದು ಹದಿನಾಲ್ಕಡಿ. ಉಳಿದ ನಾಲ್ಕರಲ್ಲಿ ಸೋಫಾ ಇಡೋದೋ ಮನುಷ್ಯರನ್ನ ಇಡೋದೋ?"

ಡಾಕ್ಟರು ಒಂದು ವಾರ ಯೋಚಿಸಿದರು. ಕೊನೆಗೆ ಗಂಟಲನ್ನು ಗೋಡೆಯಲ್ಲೇ ತೂರಿಸಿ ಹಿಂದಿನ ಕೋಣೆಗೆ ಬಿಡುವುದೆಂದು ತೀರ್ಮಾನವಾಯಿತು. ಹಿಂದಿನ ಕೋಣೆ ಡಾಕ್ಟರ ತಾಯಿಯದು. ಅಲ್ಲಿ ಆ ಗೋಡೆಗೆ ಒರಗಿ ನಿಂತಿದ್ದದ್ದೇ ಟೀಚರ ಬೀರು. ಹೀಗೆ ಅದು ಅಡುಗೆಮನೆ ಸೇರಿತು. ಅಲ್ಲಿಂದಾಚೆಗೆ ಟೀಚರ ಬಟ್ಟೆಗಳಿಗೆಲ್ಲ ಈರುಳ್ಳಿ ಹುರಿದ ವಾಸನೆ ಹತ್ತಿ, ಗಣಿತದ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಹಸಿವಾಗತೊಡಗಿತು.

ಗೋಡೆ ಕೊರೆಯುವಾಗ ಡಾಕ್ಟರು ಅಭ್ಯಾಸಬಲದಿಂದ ಗೋಡೆಗೆ, "ಸ್ವಲ್ಪ ಜುಂ ಅನ್ಸುತ್ತೆ, ಹೆದರಬೇಡಿ" ಎಂದರಂತೆ. ಇದನ್ನು ಕೇಳಿಸಿಕೊಂಡ ಟೀಚರು ಸ್ಟಾಫ್ ರೂಮಿನಲ್ಲಿ ಹೇಳಿದ್ದರಿಂದ ನಮಗೆ ಗೊತ್ತಾಗಿದೆ. ಪ್ಲೈವುಡ್ಡಿನ ಪಕ್ಕೆಲುಬುಗಳನ್ನು ನಿಲ್ಲಿಸಿ, ಹಳೆಯ ಪೇಪರನ್ನು ಗೋಂದಿನಲ್ಲಿ ಅದ್ದಿ ಪದರದ ಮೇಲೆ ಪದರ ಅಂಟಿಸಿ, ಅದರ ಮೇಲೆ ದವಡೆಯ ಅಚ್ಚು ತೆಗೆಯುವ ಪ್ಲಾಸ್ಟರ್ ಮೆತ್ತಿ, ಹಲ್ಲು ಉಜ್ಜಿ ಹೊಳಪು ಕೊಡುವ ಚಕ್ರದಿಂದ ಒಳಮೈಯನ್ನು ಉಜ್ಜಿದರು. ಮೂಲೆಗಳನ್ನು ಪುಟ್ಟ ಕನ್ನಡಿ ಹಿಡಿದು ಪರೀಕ್ಷಿಸಿದರು. ಹಗಲೆಲ್ಲ ಎರಡಂಗುಲದ ಬಾಯಿಗಳಲ್ಲಿ ಇಣುಕಿ ಇಣುಕಿ ಬೇಸತ್ತ ಮನುಷ್ಯ, ಸಂಜೆ ಬಂದು ತಾನೇ ಹೊಕ್ಕು ಕೂರಬಹುದಾದ ಒಂದು ಬಾಯಿಯ ಮುಂದೆ ನಿಂತಾಗ ಅವರ ಮುಖ ನೋಡಬೇಕಿತ್ತು. ಐದು ತಿಂಗಳು ಹಿಡಿಯಿತು. ಮುಗಿದ ದಿನ ಮುಂದಿನ ಕೋಣೆಯಲ್ಲಿ ಕೂತವರಿಗೆಲ್ಲ ತಮ್ಮನ್ನು ಯಾರೋ ನುಂಗಲು ಹೊರಟಿದ್ದಾರೆ ಅನ್ನಿಸಿತು.

ಇಷ್ಟೆಲ್ಲ ಯಾಕೆ ಎಂದರೆ, ಹಾರ್ನ್ ಬಳಗಕ್ಕಾಗಿ.

ಹಾರ್ನ್ ಕಟ್ಟಿ ಕೇಳುವ ಹುಚ್ಚಿನ ಈ ಬಳಗದಲ್ಲಿದ್ದದ್ದು ಒಟ್ಟು ನಾಲ್ಕು ಜನ. ಅಧ್ಯಕ್ಷರು ರಿಟೈರಾದ ಸರ್ವೇಯರ್. ಮನೆಗೆ ಬಂದವರ ಎತ್ತರವನ್ನು ಕಣ್ಣಲ್ಲೇ ಅಳೆದು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುವವರು. ಎರಡನೆಯವರು ಬೇಕರಿಯವರು, ಹಿಟ್ಟು ಕಲೆಸುವ ಯಂತ್ರದಲ್ಲೇ ಹಾರ್ನಿನ ಕಾಗದದ ಮುದ್ದೆ ಕಲೆಸಿ, ಒಂದು ವಾರ ಊರಿಗೆಲ್ಲ ಸುದ್ದಿ ಪತ್ರಿಕೆಯ ರುಚಿಯ ಬನ್ನು ತಿನ್ನಿಸಿದವರು. ಮೂರನೆಯವರು ವಿಮೆಯವರು. ಈ ಮೂವರೂ ಪೂರ್ಣ ಸದಸ್ಯರು. ನಮ್ಮ ಡಾಕ್ಟರು ಆರು ವರ್ಷದಿಂದ ಸಹಸದಸ್ಯರು. ತಾವು ಕಟ್ಟಿದ ಹಾರ್ನ್ ಬಳಗದ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಪೂರ್ಣ ಸದಸ್ಯರು. ಸಹಸದಸ್ಯರಿಗೆ ಮತ ಇಲ್ಲ. ಸಭೆಗೆ ಬರುವಾಗ ಕುರ್ಚಿಯನ್ನು ತಾವೇ ಹೊತ್ತು ತರತಕ್ಕದ್ದು ಎಂದು ಅಧ್ಯಕ್ಷರು ಕೈಬರಹದಲ್ಲಿ ಬರೆದ ನಿಯಮಾವಳಿ ಹೇಳುತ್ತಿತ್ತು. ಮಡಚುವ ಕುರ್ಚಿಯೊಂದನ್ನು ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತುವ ಡಾಕ್ಟರನ್ನು ನೋಡಿ ಕಂಡಕ್ಟರು, "ಸೀಟು ಮನೆಯಿಂದಲೇ ತಂದ್ರಾ ಸಾರ್?" ಎಂದು ಕೇಳದ ತಿಂಗಳಿಲ್ಲ.

ಹೋದ ವರ್ಷ ಕಟ್ಟಿದ್ದ ಚಿಕ್ಕ ಹಾರ್ನನ್ನು ಕೇಳಿ ಅಧ್ಯಕ್ಷರು ಒಂದೇ ಮಾತು ಹೇಳಿದ್ದರು: "ನೆಗಡಿಯಾಗಿದೆ."

ಈ ಸಲದ ಪರೀಕ್ಷೆ ಭಾನುವಾರ ಹನ್ನೊಂದಕ್ಕೆ ಎಂದು ನಿಗದಿಯಾಯಿತು. ಟೀಚರು ಅದಕ್ಕೆ ತಮ್ಮದೊಂದು ಗೆರೆ ಎಳೆದರು.

"ನೋಡ್ರೀ, ಅವರು ಮೂವರು ಪಾಸ್ ಮಾಡಿದ್ರೆ ಇದು ಇಲ್ಲೇ ಇರಲಿ, ನನ್ನ ಬೀರು ಅಡುಗೆಮನೇಲೇ ಕೊಳೀಲಿ. ಫೇಲ್ ಮಾಡಿದ್ರೋ, ಸೋಮವಾರ ಎಂಟು ಗಂಟೆಗೆ ಗಾರೆಯವನು ಬರ್ತಾನೆ. ಈಗಾಗ್ಲೇ ಹೇಳಿದ್ದೀನಿ. ಸಿಮೆಂಟೂ ತರ್ತಾನೆ."

"ಐದು ತಿಂಗಳ ಕೆಲಸ ಕಣೇ!"

"ಐದು ತಿಂಗಳಿಂದ ನಾನು ಈರುಳ್ಳಿ ಸೀರೆ ಉಡ್ತಾ ಇದ್ದೀನಿ."

ಇಲ್ಲಿ ಡಾಕ್ಟರ ತಾಯಿಯ ವಿಷಯ ಹೇಳಬೇಕು. ಅಮ್ಮ ಮೂವತ್ತೊಂದು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸ್ ಮಾಡುತ್ತಿದ್ದವರು. ರೈಲು ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಎಷ್ಟು ತಡ, ಯಾರ ಮಗು ಕಳೆದುಹೋಗಿ ಬಿಸ್ಕತ್ತು ತಿನ್ನುತ್ತ ಕೂತಿದೆ, ಎಲ್ಲವನ್ನೂ ಒಂದೇ ದನಿಯಲ್ಲಿ, ಯಾರ ಪರವನ್ನೂ ವಹಿಸದೆ ಹೇಳುತ್ತಿದ್ದರು. ಶಾಲೆ ಬಿಟ್ಟು ಬಂದ ಮಗ ಮೂರನೇ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಚೀಲ ಇಟ್ಟುಕೊಂಡು ಅಮ್ಮನ ಡ್ಯೂಟಿ ಮುಗಿಯುವವರೆಗೂ ಕೂತಿರುತ್ತಿದ್ದ. ಮೇಲೆ ಕಂಬಕ್ಕೆ ಬಿಗಿದ ತಗಡಿನ ಹಾರ್ನಿನಿಂದ ಅಮ್ಮ ಇಡೀ ಊರಿನ ಜೊತೆ ಮಾತಾಡುತ್ತಿದ್ದರು. ಡಾಕ್ಟರಿಗೆ ಹಾರ್ನಿನ ಹುಚ್ಚು ಎಲ್ಲಿಂದ ಹತ್ತಿತು ಎಂದು ಕೇಳಿದರೆ ಅವರು ಮಂದ್ರ ಸ್ವರ, ಧ್ವನಿವಿಜ್ಞಾನ ಎಂದೆಲ್ಲ ಹೇಳುತ್ತಾರೆ. ಬೆಂಚಿನ ಸಂಗತಿ ಹೇಳುವುದಿಲ್ಲ.

ಈಗ ಅಮ್ಮನಿಗೆ ಕಿವಿ ಮಂದ. ಕಿವಿಯ ಡಾಕ್ಟರು ಕೊಟ್ಟ ಮೆಷಿನ್ನು ಡಬ್ಬಿಯಲ್ಲೇ ಇತ್ತು. "ಅದನ್ನ ಹಾಕ್ಕೊಂಡ್ರೆ ನೀವೆಲ್ಲ ಪಿಸಪಿಸ ಅಂತ ಮಾತಾಡೋಕೆ ಶುರು ಮಾಡ್ತೀರ. ಈಗ ಕಿರುಚಿಯಾದ್ರೂ ಹೇಳ್ತೀರಲ್ಲ, ಅಷ್ಟು ಮರ್ಯಾದೆ ಇರಲಿ" ಎನ್ನುತ್ತಿದ್ದರು. ಟೀಚರು ಶಾಲೆಯಲ್ಲಿ ಐದು ಪೀರಿಯಡ್ ಕಿರುಚಿ ಮನೆಗೆ ಬಂದು ಆರನೆಯದನ್ನು ಅತ್ತೆಯ ಮುಂದೆ ತೆಗೆದುಕೊಳ್ಳುತ್ತಿದ್ದರು.

ಸ್ಪೀಕರ್ ಯೂನಿಟ್ ದೂರದಿಂದ ಬರಬೇಕಿತ್ತು. ಬರುವುದು ಮೂರು ವಾರ ತಡವಾಯಿತು. ಅಲ್ಲಿಯವರೆಗೆ ಅಮ್ಮನ ಕೋಣೆಯ ಗೋಡೆಯಲ್ಲಿ, ಮಂಚದ ತಲೆಯ ಪಕ್ಕಕ್ಕೆ, ಟೀ ತಟ್ಟೆಯಗಲದ ಒಂದು ತೂತು ಖಾಲಿ ಇತ್ತು. ಒಂದು ಮಧ್ಯಾಹ್ನ ಅಮ್ಮ ಬಿದ್ದ ಕನ್ನಡಕ ಹುಡುಕುತ್ತ ಅತ್ತ ಬಗ್ಗಿದರು. ತೂತಿನೊಳಗಿಂದ ಯಾರೋ ಸ್ಪಷ್ಟವಾಗಿ, "ಅವನಿಗೆ ಹೇಳ್ಬೇಡ, ಆ ಕೋಟು ನಂದಲ್ಲ" ಎಂದರು.

ಅಮ್ಮ ಕನ್ನಡಕ ಹುಡುಕುವುದನ್ನು ನಿಲ್ಲಿಸಿದರು.

ಹಾರ್ನಿನ ಏಳಡಿ ಬಾಯಿ ಮುಂದಿನ ಕೋಣೆಯ ಕಿಟಕಿಗೆ ಎದುರಾಗಿತ್ತು. ಕಿಟಕಿಯ ಕೆಳಗೇ ಬಸ್ ಸ್ಟಾಪು. ಸಣ್ಣ ಕಡೆಯಿಂದ ಹೊಕ್ಕ ಸದ್ದು ದೊಡ್ಡದಾಗಿ ಹೊರಬೀಳುವುದು ಹೇಗೋ, ದೊಡ್ಡ ಕಡೆಯಿಂದ ಹೊಕ್ಕದ್ದೆಲ್ಲ ಸಣ್ಣ ಕಡೆ ಬಂದು ಗುಡ್ಡೆ ಬೀಳುವುದೂ ಹಾಗೇ. ಇದನ್ನು ಪುಸ್ತಕ ಓದಿದ ಡಾಕ್ಟರೂ ಯೋಚಿಸಿರಲಿಲ್ಲ, ರೇಖೆ ಎಳೆದ ಟೀಚರೂ ಯೋಚಿಸಿರಲಿಲ್ಲ. ಬೀದಿಯ ಮಾತೆಲ್ಲ ಅಮ್ಮನ ಕಿವಿಯ ಹತ್ತಿರ ಬಂದು ನಿಲ್ಲುತ್ತಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮ ಗಂಭೀರವಾಗಿ ಹೇಳಿದರು: "ಮಗಾ, ಕೀರಲು ದನಿಯವನೊಬ್ಬನಿಗೆ ನೀನು ಇವತ್ತು ತಪ್ಪು ಹಲ್ಲು ಕಿತ್ತಿದ್ದೀಯಂತೆ."

ಡಾಕ್ಟರ ಕೈಯಲ್ಲಿದ್ದ ಚಮಚ ನಿಂತಿತು. "ಯಾರಮ್ಮ ಹೇಳಿದ್ದು? ಸರಿಯಾದ ಹಲ್ಲೇ ಕಿತ್ತಿದ್ದು!"

"ಅವನು ಹಾಗನ್ಲಿಲ್ಲಪ್ಪ. ನೋವು ಇನ್ನೂ ಇದೆಯಂತೆ. ಹೆಂಡತಿ ಮಾತ್ರ ನಿನ್ನ ಪರ. 'ನಿಮ್ಮ ಯಾವ ಹಲ್ಲು ಕಿತ್ರೂ ಲಾಭವೇ' ಅಂದ್ಳು."

ಒಂದು ವಾರದಲ್ಲಿ ಅಮ್ಮ ಬೀದಿಯ ಅತ್ಯಂತ ತಿಳಿವಳಿಕಸ್ಥ ಮನುಷ್ಯರಾದರು. ಯಾರ ಕೋಟು ಯಾರದ್ದು, ಔಷಧಿ ಅಂಗಡಿಯವನು ಯಾರ ಜೊತೆ ಮಾತು ಬಿಟ್ಟಿದ್ದಾನೆ, ಬಸ್ಸಿನ ಡ್ರೈವರು ಯಾಕೆ ಮೀಸೆ ತೆಗೆಸಿದ, ಎಲ್ಲವೂ ಊಟದ ಹೊತ್ತಿಗೆ ಪ್ರಸಾರವಾಗುತ್ತಿತ್ತು. ಬರೀ ಕೇಳಿದ್ದರೆ ಪರವಾಗಿರಲಿಲ್ಲ. ಒಮ್ಮೆ ಇಬ್ಬರು ಹದಿಮೂರನೇ ನಂಬರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ವಾದ ಮಾಡುತ್ತಿದ್ದಾಗ ಅಮ್ಮನಿಗೆ ತಡೆಯಲಾಗದೆ ತೂತಿಗೆ ಬಾಯಿಟ್ಟು, "ದಯವಿಟ್ಟು ಗಮನಿಸಿ. ಹದಿಮೂರು ಈಗ ತಾನೇ ಹೋಯಿತು" ಎಂದುಬಿಟ್ಟರು. ಮನೆಯೊಂದು ಕಿಟಕಿಯಿಂದ ಮಾತಾಡಿದ್ದನ್ನು ಕೇಳಿದ ಆ ಇಬ್ಬರೂ ಬಸ್ಸಿಗೆ ಕಾಯದೆ ನಡೆದೇ ಹೋದರು.

ಟೀಚರಿಗೂ ಒಂದು ಅನುಕೂಲವಾಗಿತ್ತು, ಆದರೆ ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಅತ್ತೆಗೆ ಏನಾದರೂ ಹೇಳಬೇಕಾದರೆ ಈಗ ಕಿರುಚಬೇಕಾಗಿರಲಿಲ್ಲ. ಮುಂದಿನ ಕೋಣೆಗೆ ಹೋಗಿ ಏಳಡಿ ಬಾಯಿಯ ಮುಂದೆ ನಿಂತು ಮೆಲ್ಲಗೆ, "ಅತ್ತೆ, ಟೀ ಆಯ್ತು" ಎಂದರೆ ಸಾಕು, ಒಳಗಿನಿಂದ "ಸಕ್ಕರೆ ಕಮ್ಮಿ ಹಾಕಮ್ಮ" ಎಂದು ಉತ್ತರ ಇಡೀ ಕೋಣೆ ತುಂಬಿ ಬರುತ್ತಿತ್ತು.

ಶುಕ್ರವಾರ ಯೂನಿಟ್ ಬಂತು. ತಾಯಿ ಮಗನಿಗೆ ಜಗಳ ಶುರುವಾಯಿತು.

"ನನ್ನ ತೂತನ್ನ ಮುಚ್ತೀಯೇನೋ?"

"ಅದು ತೂತಲ್ಲಮ್ಮ, ಗಂಟಲು. ಅದನ್ನ ಮಾಡಿದ್ದೇ ಇದನ್ನ ಕೂರಿಸೋಕೆ."

"ಮೂರು ವಾರದಿಂದ ನಾನು ಕೂತಿದ್ದೀನಲ್ಲ."

"ಭಾನುವಾರ ಪರೀಕ್ಷೆ ಅಮ್ಮ. ಪಾಸಾಗದಿದ್ರೆ ಸೋಮವಾರ ಇವಳು ಸಿಮೆಂಟೇ ಹಾಕಿಸ್ತಾಳೆ. ಆಗ ನಿಂಗೂ ಇಲ್ಲ, ನಂಗೂ ಇಲ್ಲ."

ಈ ಮಾತು ಅಮ್ಮನಿಗೆ ನಾಟಿತು. ಒಪ್ಪಂದವಾಯಿತು. ಯೂನಿಟ್ಟನ್ನು ಸ್ಕ್ರೂ ಹಾಕಿ ಕೂರಿಸದೆ, ಕೈಯಲ್ಲೇ ತಿರುಗಿಸಿ ಬಿಚ್ಚಬಹುದಾದ ನಾಲ್ಕು ಚಿಟ್ಟೆ ನಟ್ಟು ಹಾಕುವುದು. ಪರೀಕ್ಷೆ ಮುಗಿದ ಕೂಡಲೇ ಬಿಚ್ಚಿ ಅಮ್ಮನಿಗೆ ತೂತು ವಾಪಸ್ಸು. ಅಮ್ಮ ಇನ್ನೊಂದು ದೂರು ಸೇರಿಸಿದರು: "ಆಮೇಲೆ ಆ ಅಂಚನ್ನೂ ಸರಿಮಾಡು. ಕಿವಿ ತರಚುತ್ತೆ. ಕರವಸ್ತ್ರ ಇಟ್ಕೊಂಡು ಕೇಳಬೇಕು ನಾನು."

ಶನಿವಾರ ಡಾಕ್ಟರು ರೆಕಾರ್ಡೊಂದನ್ನು ಹಾಕಿ ಒಂದು ಸಲ ನುಡಿಸಿ ನೋಡಿದರು. ಚರ್ಚಿನ ಆರ್ಗನ್ನಿನ ಅತಿ ಕೆಳಗಿನ ಸ್ವರ. ಶೆಲ್ಫಿನ ಮೇಲಿದ್ದ ಕಪ್ಪುಗಳೆಲ್ಲ ಒಟ್ಟಿಗೆ ನಡುಗಿದವು, ಪಕ್ಕದ ಮನೆಯವರು ಗ್ಯಾಸ್ ಆಫ್ ಮಾಡಿದರು, ಡಾಕ್ಟರು ಕಣ್ಣೊರೆಸಿಕೊಂಡರು. ಪಾಸಾಗುವುದರಲ್ಲಿ ಸಂಶಯವೇ ಉಳಿಯಲಿಲ್ಲ.

ಭಾನುವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಳಗ ಬಂತು. ಅಧ್ಯಕ್ಷರು ಬಾಯಿಯನ್ನು ಕಣ್ಣಲ್ಲಿ ಅಳೆದು, "ಏಳಡಿ ಒಂದಂಗುಲ" ಎಂದರು. ಕಿಟಕಿಗೆ ಬೆನ್ನು ಹಾಕಿ ಮೂವರೂ ಕೂತರು. ಪರೀಕ್ಷೆಯ ನಿಯಮಗಳನ್ನು ಅಧ್ಯಕ್ಷರು ನಿಂತು ಓದಿದರು. ಒಟ್ಟು ಮೂರು ಭಾಗ. ಮೊದಲ ಭಾಗದಲ್ಲಿ ಸದಸ್ಯರ ಸ್ವಂತ ಆಯ್ಕೆ. ಎರಡನೆಯದು ಅಧ್ಯಕ್ಷರೇ ತಂದ ರೆಕಾರ್ಡಿನ ಅರ್ಧ ನಿಮಿಷ ಮೌನ, ಯಾಕೆಂದರೆ ಹಾರ್ನ್‌ಗಳು ಸುಮ್ಮನಿರಬೇಕಾದಾಗಲೂ ಗುಂಯ್ ಎನ್ನುವ ಚಾಳಿಯವು. ಮೂರನೆಯದು ಅದೇ ರೆಕಾರ್ಡಿನ ನಗಾರಿ. ಕೇಳುವವರು ಕಣ್ಣು ಮುಚ್ಚಿರತಕ್ಕದ್ದು, ಮಾತಾಡಕೂಡದು. ಪ್ರತಿ ಭಾಗ ಮುಗಿದ ಕೂಡಲೇ ಚೀಟಿಯಲ್ಲಿ ಅಂಕ ಬರೆಯತಕ್ಕದ್ದು. ಬರೆದ ಅಂಕ ಹಿಂತೆಗೆದುಕೊಳ್ಳುವಂತಿಲ್ಲ. ಹಿಂದೊಮ್ಮೆ ಹಿಂತೆಗೆದುಕೊಂಡಾಗ ಬೇಕರಿಯವರು ಅತ್ತುಬಿಟ್ಟಿದ್ದರು. ನೂರಕ್ಕೆ ಅರವತ್ತು ಬಂದರೆ ಪಾಸು. ಕೊನೆಯದಾಗಿ, ಹಾರ್ನ್ ಕಟ್ಟಿದವನು ಕೋಣೆಯಲ್ಲಿ ಇರಕೂಡದು. ಕಟ್ಟಿದವನ ಮುಖ ನೋಡಿದರೆ ಯಾರಿಗೂ ನಿಜ ಹೇಳಲು ಮನಸ್ಸು ಬರುವುದಿಲ್ಲ.

ಡಾಕ್ಟರು ಅಡುಗೆಮನೆಗೆ ಹೋದರು. ಆಂಪ್ಲಿಫೈಯರ್, ರೆಕಾರ್ಡ್ ತಿರುಗಿಸುವ ಪೆಟ್ಟಿಗೆ ಎರಡೂ ಬೀರುವಿನ ಪಕ್ಕ ಸ್ಟೂಲಿನ ಮೇಲಿದ್ದವು. ಆಂಪ್ಲಿಫೈಯರ್ ಹಳೆಯ ಕಾಲದ ವಾಲ್ವಿನದು. ಬಿಸಿಯಾಗಲು ಹತ್ತು ನಿಮಿಷ ಬೇಕು.

ಈ ಹತ್ತು ನಿಮಿಷವೇ ಮುಳುವಾಯಿತು.

ಹಿಂದಿನ ಕೋಣೆಯಲ್ಲಿ ಅಮ್ಮ ಮಂಚದ ಮೇಲೆ ಕೂತಿದ್ದರು. ಗೋಡೆಯಾಚೆ ಮೂರು ಜನ ಕೂತು ತನ್ನ ಮಗನ ವಿಷಯ ಮಾತಾಡುತ್ತಿದ್ದಾರೆ. ಮಧ್ಯೆ ಒಂದು ಕಬ್ಬಿಣದ ತಟ್ಟೆ ಅಡ್ಡ ಕೂತಿದೆ. ಯಾವ ತಾಯಿಯಾದರೂ ಮಾಡುವುದನ್ನೇ ಅವರೂ ಮಾಡಿದರು. ಚಿಟ್ಟೆ ನಟ್ಟು ನಾಲ್ಕನ್ನೂ ತಿರುಗಿಸಿ ಬಿಚ್ಚಿದರು. ಯೂನಿಟ್ ಎರಡು ಕೈಗೂ ಭಾರವಾಗಿತ್ತು. ವೈರಿನ ಸಮೇತ ಅದನ್ನು ಹಾಸಿಗೆಯ ಮೇಲೆ ಬೋರಲು ಮಲಗಿಸಿ, ಮೇಲೊಂದು ದಿಂಬು ಇಟ್ಟು, ತೂತಿಗೆ ಕಿವಿ ಕೊಟ್ಟರು. ಅವರ ಲೆಕ್ಕದಲ್ಲಿ ಎರಡೇ ನಿಮಿಷ ಕೇಳಿ ಮತ್ತೆ ಇದ್ದ ಹಾಗೆ ಕೂರಿಸುವುದಿತ್ತು.

"ಇವತ್ತೂ ತಡ" ಎಂದರು ಬೇಕರಿಯವರು.

"ಹಲ್ಲು ಕೀಳೋಕೆ ಮಾತ್ರ ಹೇಳಿದ ಟೈಮಿಗೆ ರೆಡಿ ನಿಂತಿರ್ತಾರೆ" ಎಂದರು ವಿಮೆಯವರು.

"ಹೋದ ಸಲ ನೆಗಡಿ, ಈ ಸಲ ಏನೋ" ಎಂದು ಅಧ್ಯಕ್ಷರು ತಾವು ತಂದಿದ್ದ ಕೈಗಂಟೆ ಅಲ್ಲಾಡಿಸಿದರು. "ಕಣ್ಣು ಮುಚ್ಚಿ."

ಗಂಟೆ ಕೇಳಿದ ಡಾಕ್ಟರು ಅಡುಗೆಮನೆಯಲ್ಲಿ ಆರ್ಗನ್ನಿನ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದರು. ಭೂಮಿಯ ಹೊಟ್ಟೆಯಿಂದ ಬಂದಂಥ ಆ ಸ್ವರ ನೇರವಾಗಿ ಹಾಸಿಗೆಯ ಹತ್ತಿಗೆ ಇಳಿಯಿತು. ಅಮ್ಮನಿಗೆ ಸೊಂಟಕ್ಕೆ ಹಿತವೆನಿಸಿತು. ಯಾಕೆಂದು ಅವರು ಯೋಚಿಸಲಿಲ್ಲ. ಅವರ ತಲೆಯಲ್ಲಿ ಸುತ್ತುತ್ತಿದ್ದದ್ದು ಒಂದೇ ಮಾತು: ತಡ. ಮೂವತ್ತೊಂದು ವರ್ಷ ಆ ಮಾತಿಗೆ ಉತ್ತರ ಕೊಟ್ಟೇ ಸಂಬಳ ತೆಗೆದುಕೊಂಡವರು ಅವರು. ಬಾಯಿ ತಾನಾಗಿ ತೂತಿಗೆ ಹೋಯಿತು.

"ದಯವಿಟ್ಟು ಗಮನಿಸಿ" ಎಂದಿತು ಹಾರ್ನ್.

ಮೂವರ ಬೆನ್ನೂ ನೆಟ್ಟಗಾಯಿತು.

"ಹನ್ನೊಂದು ಗಂಟೆಗೆ ಆರಂಭವಾಗಬೇಕಿದ್ದ ಕಾರ್ಯಕ್ರಮವು ಹತ್ತು ನಿಮಿಷ ತಡವಾಗಿ ಆರಂಭವಾಗಲಿದೆ. ಇದರಿಂದ ಉಂಟಾದ ತೊಂದರೆಗಾಗಿ ವಿಷಾದಿಸುತ್ತೇವೆ. ಕಾಯಲು ಆಗದವರು ಮನೆಗೆ ಹೋಗಬಹುದು."

ಅಡುಗೆಮನೆಯಲ್ಲಿ ಆ ದನಿ ಕಿವಿಗೆ ಬಿದ್ದಾಗ ನಲವತ್ತೆಂಟು ವರ್ಷದ ಡಾಕ್ಟರು ಒಂದು ಕ್ಷಣ ಎಂಟು ವರ್ಷದವರಾಗಿ, ತೊಡೆಯ ಮೇಲೆ ಸ್ಕೂಲ್ ಚೀಲ ಇಟ್ಟುಕೊಂಡು ಕೂತಿದ್ದರು. ಮರುಕ್ಷಣ ಮತ್ತೆ ನಲವತ್ತೆಂಟಾಗಿ ಬೆವರಿದರು.

ಟೀಚರು ಟೀ ತಟ್ಟೆ ಹಿಡಿದು ನಿಂತಿದ್ದರು. "ರೀ, ಅತ್ತೆ ಅಲ್ವಾ ಅದು?"

"ಅಲ್ಲ."

"ಅತ್ತೇನೇ."

"ಮೆಲ್ಲಗೆ ಮಾತಾಡೇ! ನಾನು ಒಳಗೆ ಹೋಗೋ ಹಾಗಿಲ್ಲ. ಅಮ್ಮನ ಕೋಣೆಗೆ ಹೋಗ್ಬೇಕಾದ್ರೆ ಅವರ ಮುಂದೇನೇ ದಾಟ್ಬೇಕು. ಹೋದ್ರೆ ಆಗಲೇ ಫೇಲು."

"ಹೋಗದಿದ್ರೆ?"

ಉತ್ತರ ಕೊಟ್ಟದ್ದು ಹಾರ್ನ್: "ಪ್ರಯಾಣಿಕರಲ್ಲಿ ವಿನಂತಿ. ಕೂತ ಕುರ್ಚಿಯನ್ನು ಕಾಲಿನಿಂದ ಕಿರುಗುಟ್ಟಿಸುವುದನ್ನು ನಿಷೇಧಿಸಲಾಗಿದೆ."

ಬೇಕರಿಯವರ ಕಾಲು ತಟ್ಟನೆ ನಿಂತಿತು. ರೆಕಾರ್ಡಿಗೆ ತನ್ನ ಕಾಲಿನ ವಿಷಯ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಎದ್ದದ್ದು ನಿಜ. ಆದರೆ ಮಾತಾಡಕೂಡದು ಎಂಬ ನಿಯಮವಿತ್ತು.

ಅಧ್ಯಕ್ಷರು ಗಂಟೆ ಹೊಡೆದು ಕಣ್ಣು ತೆರೆದರು. ಅವು ಒದ್ದೆಯಾಗಿದ್ದವು. ಮೂವತ್ತು ವರ್ಷದಲ್ಲಿ ಅವರು ಕೇಳಿದ ಯಾವ ಹಾರ್ನೂ ಮನುಷ್ಯದನಿಯನ್ನು ಹೀಗೆ, ಉಸಿರಿನ ಸಮೇತ, ಬಾಯಿ ಒಣಗಿ ನಾಲಿಗೆ ಅಂಟಿದ ಸದ್ದಿನ ಸಮೇತ ಎದುರಿಗೆ ತಂದು ನಿಲ್ಲಿಸಿರಲಿಲ್ಲ. ನಲವತ್ತಕ್ಕೆ ಮೂವತ್ತೆಂಟು ಬರೆದರು. ವಿಮೆಯವರು ಮೂವತ್ತೊಂಬತ್ತು. ಬೇಕರಿಯವರು ಹೆದರಿ ನಲವತ್ತನ್ನೂ ಕೊಟ್ಟರು.

ಎರಡನೆಯ ಭಾಗ, ಮೌನ. ಡಾಕ್ಟರು ಅಧ್ಯಕ್ಷರ ರೆಕಾರ್ಡು ಹಾಕಿದರು. ಅತ್ತ ಅಮ್ಮ ಯಾರಾದರೂ ಏನಾದರೂ ಹೇಳಿಯಾರೆಂದು ಕಿವಿ ಇಟ್ಟುಕೊಂಡು ಉಸಿರು ಬಿಗಿಹಿಡಿದು ಕೂತರು. ಇತ್ತ ಮೂವರೂ ಅದೇ ರೀತಿ ಕೂತರು. ಗುಂಯ್ ಇಲ್ಲ, ಸುಯ್ ಇಲ್ಲ. ಏಳಡಿ ಬಾಯಿಯಿಂದ ಬೆಣ್ಣೆಯಂಥ ಮೌನ ಹರಿದು ಬಂತು. ಮೂವತ್ತಕ್ಕೆ ಮೂವತ್ತು, ಮೂವರಿಂದಲೂ. ಹೆಚ್ಚು ಕೊಡಲು ನಿಯಮವಿಲ್ಲದ್ದಕ್ಕೆ ಅಧ್ಯಕ್ಷರು ಚೀಟಿಯ ಮೂಲೆಯಲ್ಲಿ "ಅದ್ಭುತ" ಎಂದು ಬರೆದರು.

ಮೂರನೆಯದು ನಗಾರಿ.

ನಗಾರಿಯ ಮೊದಲ ಪೆಟ್ಟಿಗೇ ಯೂನಿಟ್ ಹಾಸಿಗೆಯಿಂದ ಒಂದು ಗೇಣು ಎಗರಿತು. ದಿಂಬು ಹಾರಿ ನೆಲಕ್ಕೆ ಬಿತ್ತು. ಎರಡನೆಯ ಪೆಟ್ಟಿಗೆ ಮಂಚದ ನಾಲ್ಕು ಕಾಲೂ ಕುಣಿದವು, ಅದರ ಮೇಲಿದ್ದ ಅಮ್ಮನೂ ಕುಣಿದರು.

"ಅಯ್ಯಯ್ಯೋ! ಏ ಮಗಾ! ಮಂಚಕ್ಕೆ ಏನೋ ಬಂತು ಕಣೋ! ಬಾರೋ ಬೇಗ!" ಎಂದಿತು ಹಾರ್ನ್.

ಅಧ್ಯಕ್ಷರು ನಿಯಮ ಮುರಿದು ಕಣ್ಣು ತೆರೆದರು. ನಿಯಮ ಮುರಿದ ಮೇಲೆ ಎದ್ದರು. ಎದ್ದ ಮೇಲೆ ಹಿಂದಿನ ಕೋಣೆಯ ಬಾಗಿಲು ತಳ್ಳಿದರು. ಅಲ್ಲಿ ತೂತಿನ ಪಕ್ಕ ಕರವಸ್ತ್ರ ಹಿಡಿದ ಒಬ್ಬ ವೃದ್ಧೆ, ಮತ್ತು ಹಾಸಿಗೆಯ ಮೇಲೆ ಕಪ್ಪೆಯ ಹಾಗೆ ಕುಪ್ಪಳಿಸುತ್ತಿದ್ದ ಸ್ಪೀಕರ್ ಯೂನಿಟ್.

ಡಾಕ್ಟರು ಓಡಿಬಂದರು. ಹಿಂದಿನಿಂದ ಟೀಚರು, ಟೀ ತಟ್ಟೆಯೊಂದಿಗೆ. ಅದನ್ನು ಎಲ್ಲಾದರೂ ಇಡಬೇಕೆಂದು ಅವರಿಗೆ ಹೊಳೆಯಲಿಲ್ಲ.

"ಡಾಕ್ಟ್ರೇ, ನಾವು ಕೇಳಿದ್ದು ಯಾವುದನ್ನ?" ಎಂದರು ಅಧ್ಯಕ್ಷರು.

"ನನ್ನ ತಾಯಿಯನ್ನ" ಎಂದರು ಡಾಕ್ಟರು. ಸುಳ್ಳು ಹೇಳಲು ಅವರಿಗೆ ಆಗಲೇ ಶಕ್ತಿ ಉಳಿದಿರಲಿಲ್ಲ.

"ಮೊದಲ ಭಾಗ ಪೂರ್ತಿ?"

"ಪೂರ್ತಿ."

"ಎರಡನೆಯದು?"

"ಅದೂ ಅಮ್ಮನದೇ ಮೌನ."

"ಅತ್ತೆ ಅರ್ಧ ನಿಮಿಷ ಸುಮ್ಮನಿದ್ದದ್ದು ನಾನು ಈ ಮನೆಗೆ ಬಂದ ಮೇಲೆ ಇದೇ ಮೊದಲು" ಎಂದರು ಟೀಚರು. "ಅದಕ್ಕೆ ಮೂವತ್ತು ಕಮ್ಮಿಯಾಯ್ತು."

ಬಳಗ ಅಲ್ಲೇ, ಮಂಚದ ಸುತ್ತ ನಿಂತು ತುರ್ತುಸಭೆ ನಡೆಸಿತು. ವಿಮೆಯವರು ಇದು ಮೋಸ ಎಂದರು. ಬೇಕರಿಯವರು ತನ್ನ ಕಾಲಿನ ಒಗಟು ಬಗೆಹರಿದ ಸಂತೋಷದಲ್ಲಿ, ಮೋಸವಾದರೂ ಸ್ಪಷ್ಟವಾಗಿತ್ತು ಎಂದರು. ಅಧ್ಯಕ್ಷರು ನಿಯಮಾವಳಿ ತೆಗೆದು ಮೊದಲಿಂದ ಕೊನೆಯವರೆಗೆ ಓದಿದರು. ಬರೆದ ಅಂಕ ಹಿಂತೆಗೆಯುವಂತಿಲ್ಲ. ಎರಡೇ ಭಾಗಕ್ಕೆ ಅರವತ್ತೆಂಟು, ಅರವತ್ತೊಂಬತ್ತು, ಎಪ್ಪತ್ತು ಬಿದ್ದಾಗಿತ್ತು, ಪಾಸು. ಗಂಟಲಿಗೆ ಕಬ್ಬಿಣದ ಯೂನಿಟ್ಟನ್ನೇ ಬಿಗಿಯಬೇಕು, ತಾಯಿಯನ್ನು ಕೂರಿಸಕೂಡದು ಎಂದು ಎಲ್ಲಿಯೂ ಬರೆದಿರಲಿಲ್ಲ.

"ಹಾಗಾದ್ರೆ ನಾನು ಪಾಸಲ್ವೇ?" ಡಾಕ್ಟರ ಮುಖ ಅರಳಿತು.

"ನಿಮ್ಮ ಯೂನಿಟ್ ಹಾಡಿದ್ದು ಹಾಸಿಗೆಗೆ ಸ್ವಾಮಿ. ಹಾಸಿಗೆ ಅಂಕ ಕೊಟ್ಟಿಲ್ಲ" ಎಂದರು ಅಧ್ಯಕ್ಷರು. "ನಾವು ಕೊಟ್ಟದ್ದು ದನಿಗೆ, ಮತ್ತೆ ಮೌನಕ್ಕೆ. ಎರಡೂ ಇವರದು."

"ಹಾರ್ನ್ ನಂದಲ್ವಾ ಸಾರ್! ಐದು ತಿಂಗಳು!"

"ಚೆನ್ನಾಗಿದೆ. ನೆಗಡಿ ಹೋಗಿದೆ" ಎಂದರು ಅಧ್ಯಕ್ಷರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿರಲಿಲ್ಲ. ಆಮೇಲೆ ಅಮ್ಮನ ಕಡೆ ತಿರುಗಿ ಕೈಮುಗಿದು, ಬಳಗದ ನಾಲ್ಕನೆಯ ಪೂರ್ಣ ಸದಸ್ಯರಾಗಲು ಒಪ್ಪಿಗೆಯೇ ಎಂದು ಕೇಳಿದರು. ಅಮ್ಮನಿಗೆ ಕೇಳಿಸಲಿಲ್ಲ. ಅಧ್ಯಕ್ಷರು ಮುಂದಿನ ಕೋಣೆಗೆ ಹೋಗಿ, ಬಾಯಿಯ ಮುಂದೆ ನಿಂತು, ಮತ್ತೊಮ್ಮೆ ಕೇಳಬೇಕಾಯಿತು.

"ಕುರ್ಚಿ ಯಾರು ತರಬೇಕು?" ಎಂದಿತು ಹಾರ್ನ್.

"ಪೂರ್ಣ ಸದಸ್ಯರಿಗೆ ನಾವೇ ಹಾಕ್ತೀವಿ ತಾಯಿ."

"ಹಾಗಿದ್ರೆ ಬರ್ತೀನಿ. ನನ್ನ ಮಗ ಹೇಗೂ ಇನ್ನೊಂದು ತರ್ತಾನೆ, ಅದರ ಮೇಲೆ ಕಾಲು ಚಾಚ್ಕೊಳ್ತೀನಿ."

ಬಳಗ ಟೀ ಕುಡಿದು ಹೋಯಿತು. ಡಾಕ್ಟರು ಯೂನಿಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಅಂಚಿಗೆ ಕೂತರು. ಪಾಸಾಯಿತೋ ಫೇಲಾಯಿತೋ ಎಂದು ಕೇಳುವ ಧೈರ್ಯ ಅವರಿಗಿರಲಿಲ್ಲ. ಗೆರೆ ಎಳೆದವರು ಟೀಚರು. ಅದು ಯಾವ ಕಡೆಗೆ ಬೀಳುತ್ತದೆಂದು ಹೇಳಬೇಕಾದವರೂ ಅವರೇ.

ಟೀಚರು ಖಾಲಿ ಕಪ್ಪುಗಳನ್ನು ಜೋಡಿಸಿಕೊಂಡು ಮುಂದಿನ ಕೋಣೆಗೆ ಹೋದರು. ಕಪ್ಪುಗಳನ್ನು ಕೆಳಗಿಟ್ಟ ಸದ್ದಾಯಿತು. ಆಮೇಲೆ ತೂತಿನಿಂದ, ತರಗತಿಯಲ್ಲಿ ಯಾವ ಮಗುವೂ ಎಂದೂ ಕೇಳಿರದಷ್ಟು ಮೆತ್ತಗೆ, ಅವರ ದನಿ ಬಂತು.

"ಅತ್ತೆ, ಊಟಕ್ಕೆ ಏನು ಮಾಡ್ಲಿ?"

"ಏನಾದ್ರೂ ಮಾಡಮ್ಮ. ಈರುಳ್ಳಿ ಬೇಡ."

ಸೋಮವಾರ ಎಂಟು ಗಂಟೆಗೆ ಗಾರೆಯವನು ಸಿಮೆಂಟು ತೆಗೆದುಕೊಂಡು ಬಂದ. ತೂತಿನ ಅಂಚನ್ನು ಸುತ್ತಲೂ ನುಣ್ಣಗೆ ಮಾಡಿ ಹೋದ.